ವಾಚ್ ಒಳಗಿನ ಬೆಣಚುಕಲ್ಲು ಮತ್ತು ಸಿ.ವಿ. ರಾಮನ್

ರಾಜೀವನಗರದಲ್ಲಿ ನಮ್ಮನೆ ಹತ್ತಿರದ ಅಂಗಡೀಲಿ ವಾಚ್‌ಗೆ ಸೆಲ್ ಹಾಕಿಸುವಾಗ ಡಯಲ್ ಮೇಲಿನ ‘ಕ್ವಾರ್ಟ್ಜ್’ ಅನ್ನೋ ಪದ ಮೊದಲ ಸಲ ಸರಿಯಾಗಿ ನೋಡಿದೆ. ಕನ್ನಡದಲ್ಲಿ ಬೆಣಚುಕಲ್ಲು, ಅಂದ್ರೆ ಸಿಲಿಕಾನ್ ಡೈಆಕ್ಸೈಡ್ ಹರಳು. ಒತ್ತಿದರೆ ವಿದ್ಯುದಾವೇಶ ಹುಟ್ಟುತ್ತೆ, ವೋಲ್ಟೇಜ್ ಕೊಟ್ಟರೆ ಕಂಪಿಸುತ್ತೆ. ವಾಚ್‌ನಲ್ಲಿ ಸೆಕೆಂಡಿಗೆ 32,768 ಸಲ. 15 ಸಲ ಎರಡರಿಂದ ಭಾಗಿಸಿ, ಒಂದು ಉಳಿಯುತ್ತೆ! ಈಗ ಇದಕ್ಕೆ ಬಳಸೋದು ಹೆಚ್ಚಾಗಿ ಕಾರ್ಖಾನೆಯಲ್ಲಿ, ಆಟೋಕ್ಲೇವ್ ಒಳಗೆ ಬೆಳೆಸಿದ ಹರಳು.

ಈ ಕಲ್ಲಿಗೂ ಸರ್ ಸಿ.ವಿ. ರಾಮನ್‌ಗೂ ಹಳೇ ನಂಟು.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7, ತಿರುಚಿನಾಪಳ್ಳಿಯಲ್ಲಿ. ಮೊದಲ ಸಂಶೋಧನಾ ಪ್ರಬಂಧ ಬಂದಾಗ ವಯಸ್ಸು 18. ನನಗಿಂತ ಚಿಕ್ಕವರು! 1907ರಲ್ಲಿ ಹಣಕಾಸು ಇಲಾಖೆ ಸೇರಿ ಕಲ್ಕತ್ತಾಗೆ ಹೋದರು. ಹಗಲು ಆಫೀಸು, ಬೆಳಗ್ಗೆ-ಸಂಜೆ ಪ್ರಯೋಗಾಲಯ. 1917ರಲ್ಲಿ ಆ ಕೆಲಸ ಬಿಟ್ಟು ಪ್ರೊಫೆಸರ್ ಆದರು.

1928ರ ಫೆಬ್ರವರಿ 28ರಂದು ದ್ರವಗಳಲ್ಲಿ ಚದುರಿದ ಬೆಳಕು ಬಣ್ಣ ಬದಲಿಸೋದನ್ನು ಖಚಿತಪಡಿಸಿಕೊಂಡರು. ಅದೇ ತಿಂಗಳು ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಇದೇ ಪರಿಣಾಮ ಕಂಡಿದ್ದರು. ಎಲ್ಲಿ ಗೊತ್ತಾ? ಬೆಣಚುಕಲ್ಲಿನ ಹರಳಿನಲ್ಲಿ! ರಾಮನ್ ತಡಮಾಡದೆ ಪ್ರಕಟಿಸಿದರು. ರಷ್ಯಾದವರ ಪ್ರಬಂಧ ಬರೋ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. 1930ರ ನೊಬೆಲ್ ರಾಮನ್‌ರೊಬ್ಬರಿಗೇ ಬಂತು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಆಡಳಿತದ ಜಗಳಗಳಾಗಿ 1937ರಲ್ಲಿ ಆ ಹುದ್ದೆ ಬಿಡಬೇಕಾಯ್ತು. ನೊಬೆಲ್ ಪಡೆದವರಿಗೆ ಅದೆಷ್ಟು ನೋವಾಗಿರಬೇಕು! ಆದ್ರೂ ಊರು ಬಿಡಲಿಲ್ಲ, ಅಲ್ಲೇ ಭೌತಶಾಸ್ತ್ರದ ಪ್ರೊಫೆಸರ್ ಆಗಿ ಉಳಿದರು. ಆಮೇಲೆ ಕೈಗೆತ್ತಿಕೊಂಡವುಗಳಲ್ಲಿ ಒಂದು, ಇದೇ ಬೆಣಚುಕಲ್ಲು.

ಬೆಣಚುಕಲ್ಲನ್ನು ಕಾಯಿಸಿದರೆ ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಪರಮಾಣುಗಳ ಜೋಡಣೆ ಬದಲಾಗುತ್ತೆ. ರಾಮನ್ ಮತ್ತು ನೆಡುಂಗಾಡಿ ಹರಳನ್ನು ಕಾಯಿಸುತ್ತಾ ರೋಹಿತ ತೆಗೆದರು. ಆ ಉಷ್ಣತೆ ಹತ್ತಿರ ಬಂದಂತೆ ಒಂದು ಕಂಪನ ನಿಧಾನವಾಗುತ್ತಾ, ಅದರ ರೇಖೆ ಮಸುಕಾಗುತ್ತಾ ಹೋಯ್ತು. ಆ ಕಂಪನವೇ ಬದಲಾವಣೆಗೆ ಕಾರಣ ಇರಬೇಕು ಅಂತ 1940ರಲ್ಲಿ ಬರೆದರು. ಸುಮಾರು ಇಪ್ಪತ್ತು ವರ್ಷದ ನಂತರ ಭೌತಶಾಸ್ತ್ರ ಈ ವಿಚಾರಕ್ಕೆ ‘ಸಾಫ್ಟ್ ಮೋಡ್’ ಅಂತ ಹೆಸರಿಟ್ಟಿತು.

1948ರಲ್ಲಿ ನಿವೃತ್ತರಾದ ಮೇಲೂ ಸುಮ್ಮನೆ ಕೂರಲಿಲ್ಲ. ಮೈಸೂರು ಸರ್ಕಾರ ಕೊಟ್ಟಿದ್ದ ಜಾಗದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿ, ಅಲ್ಲಿ ಕಲ್ಲು, ಹರಳುಗಳ ದೊಡ್ಡ ಸಂಗ್ರಹ ಮಾಡಿದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅಂತ್ಯಕ್ರಿಯೆ ನಡೆದದ್ದೂ ಅದೇ ಆವರಣದಲ್ಲಿ.

ಒಂದು ಸೆಮಿಸ್ಟರ್ ಕೈಕೊಟ್ಟರೆ ಬ್ರಾಂಚೇ ಬೇಡ ಅನ್ನೋರು ನಾವು. ಕುರ್ಚಿ ಹೋದ ಮೇಲೂ ಅವರು ಕಲ್ಲು ಬಿಡಲಿಲ್ಲ. ಈಗ ವಾಚ್ ನೋಡಿದಾಗೆಲ್ಲ ಅದೇ ನೆನಪಾಗುತ್ತೆ.