ಬಡ ರೈತರ ಬಂಧು ರೈಫೈಸನ್

ಊರಿನ ಹೊಲಕ್ಕೆ ಸಹಕಾರ ಸಂಘದಿಂದ ಸಾಲ ತಂದಿರುವ ನಮ್ಮ ಬಂಧುಗಳು ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್ನರನ್ನು ಅರಿಯಬೇಕೆಂದು ನಾವು ಬಯಸುತ್ತೇವೆ.

1818ರಲ್ಲಿ ಜರ್ಮನಿಯಲ್ಲಿ ಜನಿಸಿದ ಅವರು ವೆಯರ್‌ಬುಷ್‌ನ ಮೇಯರರಾಗಿದ್ದಾಗ, 1846-47ರ ಕ್ಷಾಮದಲ್ಲಿ ಸಂಘ ಕಟ್ಟಿ ಬಡವರಿಗೆ ರೊಟ್ಟಿ ಒದಗಿಸಿದರು. 1849ರಲ್ಲಿ ಫ್ಲಾಮರ್ಸ್‌ಫೆಲ್ಡ್‌ನಲ್ಲಿ ಅವರು ಸ್ಥಾಪಿಸಿದ ಸಂಘವು ರೈತರಿಗೆ ಜಾನುವಾರು ಕೊಡಿಸಿ, ಹಣವನ್ನು ಕಂತುಗಳಲ್ಲಿ ಪಡೆಯಿತು. ಆದರೆ ಸಿರಿವಂತರ ಔದಾರ್ಯವನ್ನೇ ನೆಚ್ಚಿದ ಸಂಘ ಬಹುಕಾಲ ಬಾಳದೆಂದು ಅವರಿಗೆ ಅನುಭವವು ಕಲಿಸಿತು. ಆದುದರಿಂದ 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಸಾಲ ಪಡೆಯುವವರನ್ನೇ ಸದಸ್ಯರನ್ನಾಗಿಸಿ, ಸಂಘದ ಋಣಕ್ಕೆ ಎಲ್ಲರನ್ನೂ ಹೊಣೆ ಮಾಡಿದರು. ಒಡವೆಯಿಲ್ಲದವನಿಗೆ ನಡತೆಯೇ ಅಡಮಾನವಾಯಿತು. ಕಣ್ಣು ಮಂಜಾದರೂ ದುಡಿದ ಅವರು 1888ರಲ್ಲಿ ನಿಧನರಾದರು.

ಭಾರತದ 1904ರ ಕಾಯಿದೆಗೆ ಅವರ ಪದ್ಧತಿಯೇ ಮಾದರಿ. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಕಂತು ತಪ್ಪಿದರೆ ನೆರೆಯವನ ಬಿತ್ತನೆಗೆ ಹಣವಿಲ್ಲದಾದೀತೆಂಬುದನ್ನು ನಾವು ಮರೆಯದಿರೋಣ.