ಸರ್ ಸಿ. ವಿ. ರಾಮನ್

ನಮ್ಮ ದೇಶದ ವಿಜ್ಞಾನಿಗಳಲ್ಲಿ ಸರ್ ಚಂದ್ರಶೇಖರ ವೆಂಕಟರಾಮನ್ ಅವರ ಹೆಸರನ್ನು ಕೇಳದವರು ವಿರಳ. ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಭೌತವಿಜ್ಞಾನಿಯೊಬ್ಬರನ್ನು ಕುರಿತು ಬರೆಯಹೊರಟಿರುವುದು ಸಾಹಸವೆಂದು ಕೆಲವರಿಗೆ ತೋರಬಹುದು. ಆದರೆ ಅವರ ಜೀವನದಲ್ಲಿ ನನ್ನಂತಹವನೂ ತಿಳಿಯಬೇಕಾದ ಸಂಗತಿಗಳಿವೆ.

ರಾಮನ್ನರು 1888ನೆಯ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿಗಳನ್ನು ಪಡೆದು, ಅದೇ ವರ್ಷ ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾದರು. ಆ ನಗರದಲ್ಲಿದ್ದಾಗಲೆಲ್ಲ ಹಗಲು ಕಛೇರಿಯ ಲೆಕ್ಕಪತ್ರ. ಬೆಳಗಿನ ಜಾವ ಮತ್ತು ಸಂಜೆ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆ. 1917ರಲ್ಲಿ ಆ ಹುದ್ದೆಯನ್ನು ಬಿಟ್ಟು, ಕಡಮೆ ಸಂಬಳಕ್ಕೆ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಸರ್ಕಾರಿ ಕೆಲಸವೆಂದರೆ ನಮ್ಮವರಿಗೆ ಏನೆಂಬುದನ್ನು ಬಲ್ಲೆನಾದ್ದರಿಂದ ಈ ತ್ಯಾಗದ ತೂಕ ನನಗೆ ಚೆನ್ನಾಗಿ ತಿಳಿಯುತ್ತದೆ.

1918ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನದ ವಿಷಯ, ಎರಡು ಗುಂಡುಗಳು ಬಹಳ ಮೆಲ್ಲನೆ ಡಿಕ್ಕಿ ಹೊಡೆದರೆ ಏನಾಗುವುದೆಂಬುದು. ವೇಗ ಕಡಮೆಯಾದಷ್ಟೂ ಡಿಕ್ಕಿಯಲ್ಲಿ ನಷ್ಟವಾಗುವ ಅದರ ಪಾಲೂ ಕಡಮೆಯೆಂದು ಛಾಯಾಚಿತ್ರಗಳಿಂದ ತೋರಿಸಿದರು. ಇದು ಹುಡುಗರ ಗೋಲಿಯಾಟವೆಂದು ತೋರಬಹುದು. ಆದರೆ ದೊಡ್ಡಬಳ್ಳಾಪುರದ ಸುತ್ತಿನ ಕಣಗಳಲ್ಲಿ ರಾಗಿ ಸುರಿದು ರಾಶಿಯಾಗುವಾಗ ನಡೆಯುವುದೂ ಇದೇ. ಎಣಿಕೆಗೆ ಸಿಕ್ಕದಷ್ಟು ಕಾಳುಗಳು ಒಂದಕ್ಕೊಂದು ಬಡಿಯುತ್ತವೆ. ಪ್ರತಿಯೊಂದು ಬಡಿತದಲ್ಲಿ ಎಷ್ಟು ಶಕ್ತಿ ನಷ್ಟವಾಗುವುದೆಂದು ತಿಳಿಯದೆ ರಾಶಿಯ ನಡವಳಿಕೆಯನ್ನು ಲೆಕ್ಕಹಾಕಲಾಗದು. ಕಾಳು, ಮರಳುಗಳ ಭೌತವಿಜ್ಞಾನ ಬೆಳೆದ ಮೇಲೆ ವಿದ್ವಾಂಸರು ಆ ಹಳೆಯ ಲೇಖನವನ್ನು ಮತ್ತೆ ಆಧಾರವಾಗಿ ಹಿಡಿದರು.

1921ರ ಸಮುದ್ರಯಾನದಲ್ಲಿ ಕಂಡ ಕಡಲಿನ ನೀಲಿಬಣ್ಣ ಅವರನ್ನು ಬೆಳಕಿನ ಕಡೆಗೆ ಸೆಳೆಯಿತು. ಕೆ. ಎಸ್. ಕೃಷ್ಣನ್ ಅವರೊಡನೆ ದುಡಿದು, 1928ರ ಫೆಬ್ರವರಿ 28ರಂದು ಹೊಸ ಪರಿಣಾಮವನ್ನು ಕಂಡರು. ಅಣುಗಳಿಂದ ಚದುರಿದ ಬೆಳಕಿನಲ್ಲಿ ಅತ್ಯಲ್ಪ ಭಾಗ ಬಣ್ಣ ಬದಲಿಸಿಕೊಂಡು, ಆಯಾ ಅಣುವಿನ ಗುರುತನ್ನು ಹೊತ್ತು ಬರುತ್ತದೆ. ಇದಕ್ಕಾಗಿ 1930ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

1933ರಲ್ಲಿ ಅವರು ಬೆಂಗಳೂರಿಗೆ ಬಂದು, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಅದೇ ವರ್ಷ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿಗೆ ಹೆಣ್ಣೆಂಬ ಕಾರಣದಿಂದ ಪ್ರವೇಶವನ್ನು ನಿರಾಕರಿಸಿ, ಆಕೆ ಹಟ ಹಿಡಿದ ಮೇಲೆ ಷರತ್ತು ಹಾಕಿ ಸೇರಿಸಿಕೊಂಡದ್ದು ಈ ಮಹನೀಯರ ಬಾಳಿನಲ್ಲಿ ಒಂದು ಕೊರತೆಯೆಂದೇ ಹೇಳಬೇಕು. 1948ರಲ್ಲಿ ನಿವೃತ್ತರಾಗಿ ತಮ್ಮದೇ ಸಂಶೋಧನ ಮಂದಿರವನ್ನು ತೆರೆದರು. 1954ರಲ್ಲಿ ಭಾರತರತ್ನರಾದರು. 1970ನೆಯ ನವೆಂಬರ್ 21ರಂದು ಬೆಂಗಳೂರಿನಲ್ಲಿ ಕಾಲವಾದರು.

ರಾಮನ್ನರು ಕ್ಯಾನ್ಸರ್ ರೋಗಕ್ಕೆ ಮದ್ದು ಹುಡುಕಿದವರಲ್ಲ. ಆದರೆ 1960ರಲ್ಲಿ ಲೇಸರ್ ಬಂದ ತರುವಾಯ ಅವರು ಕಂಡ ಆ ಮಸುಕು ಬೆಳಕನ್ನು ಅಳೆಯುವುದು ಸುಲಭವಾಯಿತು. ಜೀವಕೋಶದ ಪ್ರೋಟೀನು, ಕೊಬ್ಬು ಮೊದಲಾದವು ಬೇರೆಬೇರೆ ಗೆರೆಗಳನ್ನು ಕೊಡುತ್ತವೆ; ಕ್ಯಾನ್ಸರ್ ತಗುಲಿದ ಅಂಗಾಂಶದಲ್ಲಿ ಅವುಗಳ ಪ್ರಮಾಣ ವ್ಯತ್ಯಾಸವಾಗುತ್ತದೆ. ಮಿದುಳಿನ ಗೆಡ್ಡೆ ಎಲ್ಲಿ ಮುಗಿಯಿತು, ಆರೋಗ್ಯದ ಭಾಗ ಎಲ್ಲಿ ಮೊದಲಾಯಿತು ಎಂಬುದನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ತಿಳಿಯಲು ವೈದ್ಯರು ಇದನ್ನು ಪ್ರಯೋಗಿಸಿ ನೋಡಿದ್ದಾರೆ.

ಓದಿದ್ದರಿಂದ ಏನು ಸಿಕ್ಕುತ್ತದೆಂದು ನಮ್ಮನ್ನು ದಿನವೂ ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಗುಂಡಿನ ಡಿಕ್ಕಿಯೂ ಕಡಲಿನ ನೀಲಿಯೂ ಫಲ ಕೊಡಲು ಒಂದು ತಲೆಮಾರಿಗಿಂತ ಹೆಚ್ಚು ಕಾಲ ಹಿಡಿಯಿತೆಂಬುದನ್ನು ಅವರಿಗೆ ವಿನಯದಿಂದ ತಿಳಿಸೋಣ.