ಅರವತ್ನಾಲ್ಕು ಸಾವಿರ ಜನರ ಲೆಕ್ಕದ ಮನೆ

ವಿದ್ಯಾರ್ಥಿಗಳೇ, ಬೈಲಹೊಂಗಲ ತಾಲ್ಲೂಕಿನ ದೊಡವಾಡದಲ್ಲಿ ಹಿಂಗಾರಿ ಜೋಳ ಬಿತ್ತುವ ಮೊದಲು ರೈತರು ಆಕಾಶ ನೋಡುತ್ತಾರೆ, ಹವಾಮಾನ ವರದಿಯನ್ನೂ ಕೇಳುತ್ತಾರೆ. ನಾಳಿನ ಹವೆಯನ್ನು ಗಣಿತದಿಂದ ತಿಳಿಯಲು ಕೈಯಾರೆ ಲೆಕ್ಕ ಹಾಕಿ ನೋಡಿದವರು ಯಾರು ಗೊತ್ತೇ? ಲೂಯಿಸ್ ಫ್ರೈ ರಿಚರ್ಡ್‌ಸನ್.

ಅವರು 1881ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ಜನಿಸಿದರು. ಮನೆಯವರು ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರು. ಮೊದಲ ಮಹಾಯುದ್ಧದಲ್ಲಿ ರಿಚರ್ಡ್‌ಸನ್ ಬಂದೂಕು ಹಿಡಿಯಲಿಲ್ಲ. 1916ರಲ್ಲಿ ಹವಾಮಾನ ಇಲಾಖೆಯ ಕೆಲಸ ಬಿಟ್ಟು, ಫ್ರಾನ್ಸಿಗೆ ಹೋಗಿ ಗಾಯಾಳುಗಳನ್ನು ಸಾಗಿಸುವ ವಾಹನ ಓಡಿಸಿದರು. ಬಿಡುವಾದಾಗ ಒಣಹುಲ್ಲಿನ ರಾಶಿಯೇ ಅವರ ಮೇಜು! ಅಲ್ಲಿ 1910ರ ಮೇ 20ರ ಹವೆಯನ್ನು ಲೆಕ್ಕ ಹಾಕಿದರು. ಕಳೆದುಹೋದ ದಿನವೇಕೆ ಎನ್ನುವಿರಾ? ಉತ್ತರ ಗೊತ್ತಿದ್ದರೆ ತಾಳೆ ನೋಡಬಹುದಲ್ಲ.

6 ಗಂಟೆಗಳ ಹವೆಗೆ ಸುಮಾರು 6 ವಾರ ಹಿಡಿಯಿತು. ವಾಯುಒತ್ತಡ 145 ಮಿಲಿಬಾರ್ ಏರುವುದೆಂದು ಉತ್ತರ ಬಂತು. ನಿಜವಾಗಿ ಅದು ಹೆಚ್ಚು ಕದಲಿರಲೇ ಇಲ್ಲ! ಸಾಲದ್ದಕ್ಕೆ ಹಸ್ತಪ್ರತಿಯೂ ಯುದ್ಧದ ಗಲಾಟೆಯಲ್ಲಿ ಕಳೆದು, ತಿಂಗಳುಗಳ ಬಳಿಕ ಬೆಲ್ಜಿಯಂನಲ್ಲಿ ಕಲ್ಲಿದ್ದಲ ರಾಶಿಯಡಿ ಸಿಕ್ಕಿತು. 1922ರ ತಮ್ಮ ಪುಸ್ತಕದಲ್ಲಿ ಅವರು ಆ ತಪ್ಪು ಉತ್ತರವನ್ನು ಮುಚ್ಚಿಡದೆ ಅಚ್ಚು ಹಾಕಿಸಿದರು. ವಿಧಾನ ಸರಿಯಿತ್ತು, ಆರಂಭದ ಅಂಕಿಗಳಲ್ಲಿ ದೋಷವಿತ್ತು ಎಂದು ಮುಂದೆ ತಿಳಿಯಿತು.

ಅದೇ ಪುಸ್ತಕದಲ್ಲಿ ಒಂದು ಸೊಗಸಾದ ಕಲ್ಪನೆಯಿದೆ. ನಾಟಕ ಮಂದಿರದಂಥ ಭಾರೀ ಭವನ, ಗೋಡೆಯ ತುಂಬ ಭೂಪಟ. 64,000 ಜನ ಒಟ್ಟಿಗೆ ಲೆಕ್ಕ ಮಾಡುತ್ತಿದ್ದಾರೆ. ಒಬ್ಬೊಬ್ಬರಿಗೂ ತಮ್ಮ ಪ್ರದೇಶದ ಲೆಕ್ಕದ ಒಂದು ಚೂರು ಮಾತ್ರ. ಆದರೆ ನೆರೆಯವರ ಅಂಕಿ ನೋಡದೆ ಮುಂದಿನ ಹೆಜ್ಜೆ ಇಡುವಂತಿಲ್ಲ. ನಡುವಿನ ಕಂಬದ ಮೇಲೆ ನಿಂತ ಮುಖ್ಯಸ್ಥ, ಹಿಂದುಳಿದವರ ಮೇಲೆ ನೀಲಿ ಬೆಳಕು, ಮುಂದೆ ಓಡಿದವರ ಮೇಲೆ ಗುಲಾಬಿ ಬೆಳಕು ಬೀರುತ್ತಾನೆ. ಅವಸರವೂ ಅಲ್ಲಿ ತಪ್ಪೇ!

ಇಂದಿನ ಸಮಾಂತರ ಗಣಕಯಂತ್ರಗಳು ಹೀಗೆಯೇ ಕೆಲಸ ಹಂಚಿಕೊಳ್ಳುತ್ತವೆ. ತಂತ್ರಾಂಶವನ್ನೂ ಘಟಕಗಳಾಗಿ ಬರೆಯುತ್ತಾರೆ: ಗಾಳಿಗೊಂದು, ಕಡಲಿಗೊಂದು, ನೆಲಕ್ಕೊಂದು. ಯಾವ ಘಟಕ ಯಾವುದಕ್ಕೆ ಯಾವ ಅಂಕಿ ಕೊಡಬೇಕೆಂಬುದು ಮೊದಲೇ ನಿಗದಿಯಾಗಿರಬೇಕು. ಆಗ ಕಡಲಿನ ಘಟಕವನ್ನು ತಿದ್ದಿದರೆ ಗಾಳಿಯದನ್ನು ಹೊಸದಾಗಿ ಬರೆಯಬೇಕಿಲ್ಲ. ನಮ್ಮ ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯದಲ್ಲಿ 1986ರಲ್ಲಿ ಭಾರತದ ಮೊದಲ ಸಮಾಂತರ ಗಣಕ ಫ್ಲೋಸಾಲ್ವರ್ ರೂಪುಗೊಂಡಿತು. ಮುಂದೆ ಅದರ ಪೀಳಿಗೆಯ ಯಂತ್ರಗಳು ಹವೆಯ ಲೆಕ್ಕವನ್ನೂ ಮಾಡಿದವು.

ಯುದ್ಧ ಮುಗಿದು ಇಲಾಖೆಗೆ ಮರಳಿದ್ದ ರಿಚರ್ಡ್‌ಸನ್, 1920ರಲ್ಲಿ ಅದು ವಾಯುಪಡೆಯನ್ನು ನಡೆಸುವ ಸಚಿವಾಲಯಕ್ಕೆ ಸೇರಿದಾಗ ರಾಜೀನಾಮೆ ಕೊಟ್ಟರು. ಮುಂದೆ ದೇಶಗಳು ಏಕೆ ಕಾದಾಡುತ್ತವೆ ಎಂಬುದಕ್ಕೇ ಗಣಿತ ಹಚ್ಚಿದರು. 1950ರಲ್ಲಿ ಅಮೆರಿಕದ ಎನಿಯಾಕ್ ಗಣಕ ಒಂದು ದಿನದ ಹವೆಯನ್ನು ಸುಮಾರು ಒಂದು ದಿನದಲ್ಲೇ ಲೆಕ್ಕ ಹಾಕಿತು. ಆ ಸುದ್ದಿ ವೃದ್ಧ ರಿಚರ್ಡ್‌ಸನ್‌ರನ್ನು ತಲುಪಿತು. 1953ರಲ್ಲಿ ಅವರು ತೀರಿಕೊಂಡರು.